ಲೆಕ್ಕದೊಳಗಿನ ಸಣ್ಣ ಇಂಗ್ಲಿಷ್ ಪದಗಳು

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಅಕೌಂಟೆನ್ಸಿಯ ದೊಡ್ಡ ಪದಗಳಿಗೆ ನಮ್ಮ ತರಗತಿಯಲ್ಲಿ ಯಾರೂ ಹೆದರುವುದಿಲ್ಲ. ಡಿಪ್ರಿಸಿಯೇಷನ್, ರಿವ್ಯಾಲ್ಯುಯೇಷನ್, ಗುಡ್‌ವಿಲ್, ಇವುಗಳ ಅರ್ಥವನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಕನ್ನಡದಲ್ಲೋ ಉರ್ದುವಿನಲ್ಲೋ ಬರೆದುಕೊಂಡಿರುತ್ತೇವೆ. ಲೆಕ್ಕ ಕೆಡುವುದು ಸಣ್ಣ ಪದಗಳಲ್ಲಿ: ಬೈ, ಟು, ಆನ್, ಆಫ್, ಫಾರ್. ಇವು ಎಲ್ಲರಿಗೂ ಗೊತ್ತಿರುವ ಪದಗಳು ಎಂದು ಯಾರೂ ಅರ್ಥ ಬರೆದುಕೊಳ್ಳುವುದಿಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುವುದು ಅಲ್ಲೇ.

ಒಂದು ಉದಾಹರಣೆ ನೋಡಿ. ಎ ಮತ್ತು ಬಿ ಎಂಬ ಪಾಲುದಾರರು ಲಾಭ ನಷ್ಟವನ್ನು 3:2ರಂತೆ ಹಂಚಿಕೊಳ್ಳುತ್ತಾರೆ. ಬ್ಯಾಲೆನ್ಸ್ ಶೀಟಿನಲ್ಲಿ ಫರ್ನಿಚರ್ 20,000 ರೂಪಾಯಿ ಇದೆ. ಹೊಸ ಪಾಲುದಾರ ಸೇರುವಾಗ ‘ಫರ್ನಿಚರ್ ಈಸ್ ಟು ಬಿ ರಿಡ್ಯೂಸ್ಡ್ ಬೈ 2,000’ ಎಂದು ಪ್ರಶ್ನೆ ಹೇಳಿದರೆ ನಷ್ಟ 2,000. ಎ ಪಾಲಿಗೆ 1,200, ಬಿ ಪಾಲಿಗೆ 800. ಅದೇ ವಾಕ್ಯದಲ್ಲಿ ‘ಬೈ’ ಇದ್ದ ಜಾಗದಲ್ಲಿ ‘ಟು’ ಇದ್ದರೆ? ಆಗ ಫರ್ನಿಚರ್ ಉಳಿಯುವುದೇ 2,000. ನಷ್ಟ 18,000 ಆಗುತ್ತದೆ, ಎ ಪಾಲಿಗೆ 10,800, ಬಿ ಪಾಲಿಗೆ 7,200. ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ಪದವನ್ನು ತಪ್ಪು ಓದಿ ಲೆಕ್ಕ ಮುಗಿಸಿದರೂ ಬ್ಯಾಲೆನ್ಸ್ ಶೀಟ್ ತಾಳೆಯಾಗಿಯೇ ಬರುತ್ತದೆ. ಯಾಕೆಂದರೆ ಆಸ್ತಿಯಲ್ಲಿ ಕಳೆದಷ್ಟನ್ನೇ ಬಂಡವಾಳದಲ್ಲೂ ಕಳೆದಿರುತ್ತೇವೆ. ಕೂಡುವುದರಲ್ಲಿ ತಪ್ಪಿದರೆ ಎರಡೂ ಬದಿ ಬೇರೆ ಬೇರೆ ಬಂದು ಎಚ್ಚರಿಸುತ್ತವೆ. ಓದುವುದರಲ್ಲಿ ತಪ್ಪಿದರೆ ಎಚ್ಚರಿಸುವವರು ಯಾರೂ ಇಲ್ಲ. ತಾಳೆಯಾಯಿತು ಎಂದು ಖುಷಿಯಲ್ಲಿ ಎರಡು ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತೇವೆ.

ನಮ್ಮಲ್ಲಿ ಕೆಲವರು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಕೆಲವರು ಉರ್ದು ಮಾಧ್ಯಮ. ಪಿಯುಸಿಗೆ ಬಂದ ಮೇಲೆ ಎಲ್ಲರ ಮುಂದೂ ಒಂದೇ ಇಂಗ್ಲಿಷ್ ಪ್ರಶ್ನೆಪತ್ರಿಕೆ. ಲೆಕ್ಕ ಬರುತ್ತದೆ, ಪ್ರಶ್ನೆ ಬರುವುದಿಲ್ಲ ಎಂಬ ಸ್ಥಿತಿ. ಇದಕ್ಕೆ ‘ನಮ್ಮ ಇಂಗ್ಲಿಷ್ ವೀಕ್’ ಎಂಬ ಒಂದೇ ಮಾತು ಹೇಳಿ ಸುಮ್ಮನಾಗುವುದು ನನಗೆ ಸರಿ ಅನ್ನಿಸುವುದಿಲ್ಲ. ನಾವು ಎಡವುವ ಜಾಗಗಳು ಗೊತ್ತಾದ ಜಾಗಗಳೇ. ಮನೆಯ ಭಾಷೆ ಯಾವುದೋ ಅದನ್ನು ನೋಡಿದರೆ ಎಲ್ಲಿ ಎಡವುತ್ತೇವೆ ಎಂದು ಮೊದಲೇ ಹೇಳಬಹುದು. ಈ ಲೇಖನದಲ್ಲಿ ಅಂಥ ಕೆಲವು ಜಾಗಗಳನ್ನು ತೋರಿಸುತ್ತೇನೆ. ಪುಟ ಕನ್ನಡದ್ದಾದ್ದರಿಂದ ಇಂಗ್ಲಿಷ್ ಮಾತುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಒಂದು ಎಫ್ ಇರುವುದನ್ನು ‘ಆವ್’ ಎಂದೂ, ಎರಡು ಎಫ್ ಇರುವುದನ್ನು ‘ಆಫ್’ ಎಂದೂ ಬರೆದಿರುವೆ. ಎರಡನ್ನೂ ‘ಆಫ್’ ಎಂದೇ ಉಚ್ಚರಿಸುವುದು ನಮ್ಮ ಭಾಗದಲ್ಲಿ ರೂಢಿ. ಆದರೆ ಅವು ಬೇರೆ ಬೇರೆ ಪದಗಳು.

ಮೊದಲು ಬೈ ಮತ್ತು ಟು. ತೊಗರಿ ನಮ್ಮ ಜಿಲ್ಲೆಯ ಬೆಳೆ, ಅದನ್ನೇ ತೆಗೆದುಕೊಳ್ಳೋಣ. ಕೇಂದ್ರ ಸರಕಾರ ತೊಗರಿಗೆ ಗೊತ್ತು ಮಾಡಿದ ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಾಲಿಗೆ 7,550 ರೂಪಾಯಿ ಇತ್ತು, 2025-26ಕ್ಕೆ 8,000 ಆಯಿತು. ಇದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೇವೆ? ‘450 ರೂಪಾಯಿ ಏರಿತು’ ಅಥವಾ ‘8,000ಕ್ಕೆ ಏರಿತು’. ‘450ಕ್ಕೆ ಏರಿತು’ ಎಂದು ಯಾವ ರೈತನೂ ಹೇಳುವುದಿಲ್ಲ. ಉರ್ದುವಿನಲ್ಲೂ ಹಾಗೆಯೇ, ‘ಸಾಢೇ ಚಾರ್ ಸೌ ಬಢಾ’, ‘ಆಠ್ ಹಜಾರ್ ತಕ್ ಪಹುಂಚಾ’. ಅಂದರೆ ಈ ಭೇದ ನಮ್ಮ ಬಾಯಲ್ಲಿ ಮೊದಲೇ ಇದೆ. ಇಂಗ್ಲಿಷಿನಲ್ಲಿ ಅದು ‘ಇನ್‌ಕ್ರೀಸ್ಡ್ ಬೈ 450’, ‘ಇನ್‌ಕ್ರೀಸ್ಡ್ ಟು 8,000’. ಬೈ ಕಂಡರೆ ‘ಅಷ್ಟು’ ಎಂದು ಓದಿ, ಟು ಕಂಡರೆ ‘ಅಲ್ಲಿಗೆ’ ಎಂದು ಓದಿ. ಬೈ ಬಂದರೆ ಕೊಟ್ಟ ಸಂಖ್ಯೆಯೇ ಲಾಭ ಅಥವಾ ನಷ್ಟ. ಟು ಬಂದರೆ ಕೊಟ್ಟದ್ದು ಹೊಸ ಬೆಲೆ; ಹಳೆಯದಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ನಾವೇ ತೆಗೆಯಬೇಕು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಬಿಡುತ್ತೇನೆ. ಹಳೆಯ ಪದ್ಧತಿಯಲ್ಲಿ ಲೆಡ್ಜರಿನ ಡೆಬಿಟ್ ಬದಿಯಲ್ಲಿ ಪ್ರತಿ ನಮೂದಿನ ಹಿಂದೆ ‘ಟು’, ಕ್ರೆಡಿಟ್ ಬದಿಯಲ್ಲಿ ‘ಬೈ’ ಬರೆಯುತ್ತಾರೆ. ಈಗಲೂ ಹಲವರು ಬರೆಯುತ್ತಾರೆ. ಆ ಟು, ಬೈಗೂ ಪ್ರಶ್ನೆಯೊಳಗಿನ ಟು, ಬೈಗೂ ಸಂಬಂಧವಿಲ್ಲ. ‘ರಿಡ್ಯೂಸ್ಡ್ ಬೈ’ ಎಂದು ಇದೆಯಲ್ಲ, ಹಾಗಾದರೆ ಕ್ರೆಡಿಟ್ ಬದಿಗೆ ಬರೀಬೇಕಲ್ಲವೇ ಎಂದು ಕೇಳುವ ಗೆಳೆಯರಿದ್ದಾರೆ. ಇಲ್ಲ.

ಇನ್ನು ಪ್ರಿಪೊಸಿಷನ್ ಎಂಬ ಪದಕ್ಕೇ ಬರೋಣ. ‘ಪ್ರಿ’ ಎಂದರೆ ಮುಂಚೆ. ಇಂಗ್ಲಿಷಿನಲ್ಲಿ ಆ ಪದ ನಾಮಪದಕ್ಕಿಂತ ಮುಂಚೆ ಬರುತ್ತದೆ: ‘ಆನ್ ದಿ ಟೇಬಲ್’. ನಮ್ಮ ಎರಡೂ ಭಾಷೆಗಳಲ್ಲಿ ಅದು ಹಿಂದೆ ಬರುತ್ತದೆ: ‘ಮೇಜಿನ ಮೇಲೆ’, ‘ಮೇಜ್ ಪರ್’. ಉರ್ದು ವ್ಯಾಕರಣದಲ್ಲಿ ಇದಕ್ಕೆ ಹರ್ಫ್-ಎ-ಜಾರ್ ಎನ್ನುತ್ತಾರೆ. ಕನ್ನಡದಲ್ಲಿ ಬಹಳ ಕಡೆ ಬೇರೆ ಪದವೇ ಇಲ್ಲ, ವಿಭಕ್ತಿ ಪ್ರತ್ಯಯ ನಾಮಪದಕ್ಕೆ ಅಂಟಿಕೊಂಡಿರುತ್ತದೆ. ಹಿಂದೆ ಮುಂದೆ ಆಗುವುದು ದೊಡ್ಡ ತೊಂದರೆಯಲ್ಲ, ಅದು ಒಂದು ವಾರದಲ್ಲಿ ರೂಢಿಯಾಗುತ್ತದೆ. ತೊಂದರೆ ಏನೆಂದರೆ ನಾವು ಪ್ರತ್ಯಯಕ್ಕೆ ಒಂದೊಂದು ಇಂಗ್ಲಿಷ್ ಪದ ಗೊತ್ತುಮಾಡಿಕೊಂಡು, ‘-ಗೆ’ ಬಂದಲ್ಲೆಲ್ಲ ಟು, ‘ಸೆ’ ಬಂದಲ್ಲೆಲ್ಲ ಫ್ರಮ್ ಎಂದು ಹಾಕುತ್ತಾ ಹೋಗುತ್ತೇವೆ.

ಕೇಳುವ ಮಾತನ್ನೇ ನೋಡಿ. ಮನೆಯಲ್ಲಿ ನಾವು ‘ಸರ್ ಸೆ ಪೂಛೋ’ ಎನ್ನುತ್ತೇವೆ. ಆದ್ದರಿಂದ ಉರ್ದು ಮನೆಯ ಹುಡುಗರು ‘ಆಸ್ಕ್ ಫ್ರಮ್ ಸರ್’ ಎನ್ನುತ್ತಾರೆ. ಕನ್ನಡ ಮನೆಯವರು ‘ಸರ್‌ಗೆ ಕೇಳು’ ಎನ್ನುವುದರಿಂದ ‘ಆಸ್ಕ್ ಟು ಸರ್’ ಎನ್ನುತ್ತಾರೆ. ಒಂದೇ ಬೆಂಚಿನಲ್ಲಿ ಕೂತ ಇಬ್ಬರ ಇಂಗ್ಲಿಷ್ ಕೇಳಿ ಮನೆಯ ಭಾಷೆ ಯಾವುದೆಂದು ಹೇಳಿಬಿಡಬಹುದು! ಇಂಗ್ಲಿಷಿನಲ್ಲಿ ಅಲ್ಲಿ ಏನೂ ಇಲ್ಲ, ಬರೀ ‘ಆಸ್ಕ್ ಸರ್’. ಆದರೆ ರಜೆ ಕೇಳುವುದಾದರೆ ‘ಆಸ್ಕ್ ಫಾರ್ ಲೀವ್’. ಅದು ಉರ್ದುವಿನ ಪೂಛ್ನಾ ಅಲ್ಲ, ಮಾಂಗ್ನಾ. ಕನ್ನಡದ ‘ಕೇಳು’ ಇನ್ನೂ ದೊಡ್ಡ ಸಂಸಾರ: ಪ್ರಶ್ನೆ ಕೇಳುವುದು ‘ಆಸ್ಕ್’, ರೊಕ್ಕ ಕೇಳುವುದು ‘ಆಸ್ಕ್ ಫಾರ್’, ಪಾಠ ಕೇಳುವುದು ‘ಲಿಸನ್ ಟು’, ಸದ್ದು ಕೇಳಿಸುವುದು ‘ಹಿಯರ್’. ನಾಲ್ಕರಲ್ಲಿ ಎರಡಕ್ಕೆ ಬಾಲ ಇದೆ, ಎರಡಕ್ಕಿಲ್ಲ.

ನಾಯಿಗೆ ಹೆದರುವುದು ಕನ್ನಡ, ಕುತ್ತೆ ಸೆ ಡರ್ನಾ ಉರ್ದು. ಇಂಗ್ಲಿಷ್ ಇವೆರಡನ್ನೂ ಬಿಟ್ಟು ಮೂರನೆಯದನ್ನು ಹಿಡಿದಿದೆ, ‘ಅಫ್ರೇಡ್ ಆವ್ ದಿ ಡಾಗ್’. ಇದರಲ್ಲಿ ತರ್ಕ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಯಾವ ಕ್ರಿಯಾಪದ, ಯಾವ ಗುಣವಾಚಕ ಯಾವ ಸಣ್ಣ ಪದವನ್ನು ಕರೆದುಕೊಂಡು ಬರುತ್ತದೆ ಎಂಬುದನ್ನು ಜೋಡಿಯಾಗಿಯೇ ಕಲಿಯಬೇಕು. ಬಸ್ ಕಾಯುವುದಕ್ಕೆ ‘ವೇಟ್ ಫಾರ್ ದಿ ಬಸ್’, ನಮ್ಮಲ್ಲಿ ಇಲ್ಲದ ಬಾಲ ಅಲ್ಲಿದೆ. ಕಲಬುರಗಿಗೆ ಮುಟ್ಟಿದೆ ಎನ್ನುವುದಕ್ಕೆ ‘ರೀಚ್ಡ್ ಕಲಬುರಗಿ’, ನಮ್ಮಲ್ಲಿ ಇರುವ ಬಾಲ ಅಲ್ಲಿಲ್ಲ. ಡಿಸ್ಕಸ್, ಎಂಟರ್, ಮ್ಯಾರಿ, ಅಟೆಂಡ್, ಆರ್ಡರ್ ಈ ಐದೂ ರೀಚ್ ಜಾತಿಯವು. ‘ಡಿಸ್ಕಸ್ ಅಬೌಟ್ ದಿ ಪ್ರಾಬ್ಲಮ್’ ಅಲ್ಲ, ‘ಡಿಸ್ಕಸ್ ದಿ ಪ್ರಾಬ್ಲಮ್’. ‘ಮ್ಯಾರೀಡ್ ವಿತ್’ ಎಂಬುದು ‘ಸಲೀಮ್ ಸೆ ಶಾದಿ’ಯಿಂದ ಬಂದದ್ದು, ಇಂಗ್ಲಿಷಿನದಲ್ಲ. ‘ಮ್ಯಾರೀಡ್ ಸಲೀಮ್’ ಅಥವಾ ‘ಈಸ್ ಮ್ಯಾರೀಡ್ ಟು ಸಲೀಮ್’.

ನಮ್ಮ ಎರಡೂ ಭಾಷೆಗಳು ಸೇರಿ ನಮ್ಮನ್ನು ಬೀಳಿಸುವ ಜಾಗ ಎಂದರೆ ಕಾಲ. ‘ಎರಡು ವರ್ಷದಿಂದ’ ಎನ್ನುತ್ತೇವೆ, ‘2024ರಿಂದ’ ಎಂದೂ ಎನ್ನುತ್ತೇವೆ. ‘ದೋ ಸಾಲ್ ಸೆ’, ‘2024 ಸೆ’. ಕನ್ನಡದಲ್ಲಿ ಎರಡಕ್ಕೂ ‘-ಇಂದ’, ಉರ್ದುವಿನಲ್ಲಿ ಎರಡಕ್ಕೂ ‘ಸೆ’. ಇಂಗ್ಲಿಷ್ ಇಲ್ಲಿ ಒಡೆಯುತ್ತದೆ. ಶುರುವಾದ ದಿನ ಹೇಳಿದರೆ ‘ಸಿನ್ಸ್ 2024’, ಎಷ್ಟು ಕಾಲ ಎಂದು ಹೇಳಿದರೆ ‘ಫಾರ್ ಟೂ ಇಯರ್ಸ್’. ಕಾಮರ್ಸಿನವರಿಗೆ ಇದು ಸುಲಭವಾಗಬೇಕು. ಬಡ್ಡಿ ಲೆಕ್ಕದಲ್ಲಿ ಸಾಲ ಕೊಟ್ಟ ತಾರೀಕು ಬೇರೆ, ಅವಧಿ ಬೇರೆ ಎಂದು ನಮಗೆ ಗೊತ್ತಿದೆ. ತಾರೀಕಿಗೆ ಸಿನ್ಸ್, ಅವಧಿಗೆ ಫಾರ್.

ಇದೇ ಕುಟುಂಬದ್ದು ಬೈ ಮತ್ತು ಟಿಲ್. ‘31ನೇ ತಾರೀಕಿನ ತನಕ ಆಫೀಸ್ ತೆರೆದಿರುತ್ತೆ’, ‘31ನೇ ತಾರೀಕಿನ ತನಕ ಅರ್ಜಿ ಕೊಡಬಹುದು’, ಎರಡಕ್ಕೂ ನಮಗೆ ‘ತನಕ’. ಉರ್ದುವಿಗೆ ‘ತಕ್’. ಇಂಗ್ಲಿಷಿನಲ್ಲಿ ನಡೆಯುತ್ತಲೇ ಇರುವ ಕೆಲಸಕ್ಕೆ ಟಿಲ್, ಒಮ್ಮೆ ಮಾಡಿ ಮುಗಿಸುವ ಕೆಲಸದ ಕೊನೆಯ ದಿನಕ್ಕೆ ಬೈ. ‘ಓಪನ್ ಟಿಲ್ ದಿ ಥರ್ಟಿಫಸ್ಟ್’, ‘ಸಬ್‌ಮಿಟ್ ಬೈ ದಿ ಥರ್ಟಿಫಸ್ಟ್’. ಸ್ಕಾಲರ್‌ಶಿಪ್ ಅರ್ಜಿಯ ನೋಟಿಸಿನಲ್ಲಿ ‘ಬೈ’ ಇದ್ದರೆ ಆ ದಿನವೂ ಲೆಕ್ಕಕ್ಕೆ ಸೇರಿದೆ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ‘ಬಿಫೋರ್’ ಎಂದಷ್ಟೇ ಇದ್ದರೆ ಹಿಂದಿನ ದಿನವೇ ಕೊಟ್ಟುಬಿಡಿ.

ಫಾರ್ ಎಂಬ ಪದ ಜರ್ನಲ್ ಎಂಟ್ರಿಯನ್ನೇ ಬದಲಿಸುತ್ತದೆ. ‘ವಿತ್‌ಡ್ರೂ ಫ್ರಮ್ ಬ್ಯಾಂಕ್ ಫಾರ್ ಆಫೀಸ್ ಯೂಸ್’ ಎಂದರೆ ರೊಕ್ಕ ಬ್ಯಾಂಕಿನಿಂದ ನಮ್ಮ ಗಲ್ಲಾಪೆಟ್ಟಿಗೆಗೆ ಬಂತು, ಕ್ಯಾಶ್ ಡೆಬಿಟ್. ‘ಫಾರ್ ಪರ್ಸನಲ್ ಯೂಸ್’ ಎಂದರೆ ಮಾಲೀಕ ಮನೆಗೆ ಒಯ್ದ, ಡ್ರಾಯಿಂಗ್ಸ್ ಡೆಬಿಟ್. ಕೆಲವರು ‘ವಿತ್‌ಡ್ರೂ ಫ್ರಮ್ ಬ್ಯಾಂಕ್’ ಎನ್ನುವಷ್ಟರಲ್ಲೇ ಬರೆಯಲು ಶುರು ಮಾಡುತ್ತಾರೆ, ವಾಕ್ಯ ಮುಗಿಯುವವರೆಗೆ ಕಾಯುವುದಿಲ್ಲ. ಆನ್ ಬಗ್ಗೆಯೂ ಒಂದು ಮಾತು. ಹುಂಡಿಯ ಪಾಠದಲ್ಲಿ ‘ಎ ಡ್ರೂ ಎ ಬಿಲ್ ಆನ್ ಬಿ’ ಎಂದು ಬಂದಾಗ ಯಾರು ಯಾರಿಗೆ ಕೊಡಬೇಕು ಎಂದು ತಲೆ ಕೆಡುತ್ತದೆ. ಇಲ್ಲಿ ಕನ್ನಡವೇ ನೆರವಿಗೆ ಬರುತ್ತದೆ: ಬಿ ಮೇಲೆ ಹುಂಡಿ ಬರೆದ. ಯಾರ ಮೇಲೆ ಬರೆಯಲಾಯಿತೋ ಅವನೇ ಕೊಡಬೇಕಾದವನು. ಆನ್ ಎಂದರೆ ಮೇಲೆ, ಅಷ್ಟೇ. ಚೆಕ್ಕನ್ನು ಬ್ಯಾಂಕಿನ ಮೇಲೆ ಬರೆಯುತ್ತೇವೆ, ಬ್ಯಾಂಕು ಕೊಡುತ್ತದೆ.

ಲೆಕ್ಕದ ಭಾಷೆ ನಮಗೆ ಹೊಸದೇನೂ ಅಲ್ಲ ಎಂದು ಇಲ್ಲೇ ಹೇಳಬೇಕು ಅನ್ನಿಸಿತು. 1948ರವರೆಗೆ ಈ ಭಾಗದ ಸರಕಾರಿ ದಫ್ತರದ ಭಾಷೆ ಉರ್ದು. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ಈ ಅರಬ್ಬಿ ಫಾರಸಿ ಪದಗಳನ್ನು ನಮ್ಮ ಕಿರಾಣಿ ಅಂಗಡಿಯ ವಹಿಯಲ್ಲಿ ಇವತ್ತೂ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ನಮ್ಮ ಮನೆಯ ಮಾತೂ ಅಂಗಡಿಯ ಕನ್ನಡವೂ ಲೆಕ್ಕದ ವಿಷಯ ಬಂದರೆ ಅರ್ಧಕ್ಕರ್ಧ ಒಂದೇ. ಮೂರನೆಯ ಭಾಷೆ ಬಂದು ಸೇರಿಕೊಂಡಿದೆ, ಅಷ್ಟೇ.

ಈಗ ಫ್ರೇಸಲ್ ವರ್ಬ್. ಇದರ ಹೆಸರು ಕೇಳಿದರೇ ಹೆದರುವವರಿದ್ದಾರೆ. ಆದರೆ ನಾವು ದಿನಾ ಇಂಥದ್ದನ್ನೇ ಮಾತಾಡುತ್ತೇವೆ. ಬರೆ ಎಂಬ ಕ್ರಿಯಾಪದಕ್ಕೆ ಇನ್ನೊಂದು ಸಣ್ಣ ಕ್ರಿಯಾಪದ ಸೇರಿಸಿ ಬರೆದಿಡು, ಬರೆದುಕೊ, ಬರೆದುಕೊಡು ಎನ್ನುತ್ತೇವೆ. ಆಸ್ತಿ ಬರೆದುಕೊಡುವುದಕ್ಕೂ ನೋಟ್ಸ್ ಬರೆದುಕೊಳ್ಳುವುದಕ್ಕೂ ಎಷ್ಟು ವ್ಯತ್ಯಾಸ! ಉರ್ದುವಿನಲ್ಲಿ ಲಿಖ್ ಲೇನಾ, ಲಿಖ್ ದೇನಾ, ಲಿಖ್ ಡಾಲ್ನಾ. ಇಂಗ್ಲಿಷ್ ಈ ಕೆಲಸವನ್ನು ಇನ್ನೊಂದು ಕ್ರಿಯಾಪದದಿಂದ ಮಾಡಿಸದೆ ಆಫ್, ಅಪ್, ಡೌನ್, ಓವರ್‌ಗಳಿಂದ ಮಾಡಿಸುತ್ತದೆ. ‘ರೈಟ್ ಡೌನ್’ ಎಂದರೆ ಬರೆದುಕೊ. ‘ರೈಟ್ ಆಫ್’ ಎಂದರೆ ಇನ್ನು ಬರುವುದಿಲ್ಲ ಎಂದು ಲೆಕ್ಕದಿಂದ ತೆಗೆದುಹಾಕು. ಬ್ಯಾಡ್ ಡೆಟ್ಸ್ ರಿಟನ್ ಆಫ್ ಎಂದಾಗ ಏನನ್ನೋ ಹೊಸದಾಗಿ ಬರೆಯುತ್ತಿಲ್ಲ, ಮುಳುಗಿದ ಸಾಲವನ್ನು ಕೈಬಿಡುತ್ತಿದ್ದೇವೆ.

ಅಕೌಂಟೆನ್ಸಿ ತುಂಬ ಇವೇ ಇವೆ. ತಿಂಗಳ ಕೊನೆಯಲ್ಲಿ ಬಾಕಿಯನ್ನು ಸಿ/ಡಿ ಎಂದು ಬರೆದು ಮುಂದಿನ ತಿಂಗಳ ಶುರುವಿನಲ್ಲಿ ಬಿ/ಡಿ ಎಂದು ಬರೆಯುತ್ತೇವೆ. ‘ಕ್ಯಾರೀಡ್ ಡೌನ್’, ‘ಬ್ರಾಟ್ ಡೌನ್’. ಕ್ಯಾರಿ ಎಂದರೆ ಒಯ್ಯು, ಬ್ರಿಂಗ್ ಎಂದರೆ ತರು. ಹೋಗುವ ತಿಂಗಳು ಒಯ್ಯುತ್ತದೆ, ಬರುವ ತಿಂಗಳು ತರುತ್ತದೆ. ಇಷ್ಟು ಗೊತ್ತಿದ್ದರೆ ಯಾವುದು ಎಲ್ಲಿ ಎಂದು ಬಾಯಿಪಾಠ ಮಾಡಬೇಕಿಲ್ಲ. ‘ಟೇಕ್ ಓವರ್’ ಎಂದರೆ ವಹಿಸಿಕೊಳ್ಳುವುದು. ಸಂಸ್ಥೆ ಮುಚ್ಚುವಾಗ ಪಾಲುದಾರ ಆಸ್ತಿಯನ್ನು ಟೇಕ್ ಓವರ್ ಮಾಡಿದರೆ ಅವನ ಬಂಡವಾಳ ಖಾತೆ ಡೆಬಿಟ್, ಸಾಲವನ್ನು ಟೇಕ್ ಓವರ್ ಮಾಡಿದರೆ ಕ್ರೆಡಿಟ್. ‘ಬ್ರಿಂಗ್ ಇನ್’ ಹೊಸ ಪಾಲುದಾರ ಬಂಡವಾಳ ತರುವುದಕ್ಕೆ. ಕಂಪನಿ ಮುಚ್ಚುವುದಕ್ಕೆ ‘ವೈಂಡ್ ಅಪ್’. ಅದನ್ನು ಗಾಳಿಯ ‘ವಿಂಡ್’ ಎಂದು ಓದಬೇಡಿ. ಕನ್ನಡ ಅಕ್ಷರದಲ್ಲಿ ಬರೆಯುವುದರ ಲಾಭ ಇದು, ಉಚ್ಚಾರ ಅಲ್ಲೇ ಸಿಗುತ್ತದೆ.

ಪೇ ಎಂಬುದರ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ಮನೆಯಲ್ಲಿ ಪಿಯುಸಿ ಓದುವವರಿದ್ದರೆ ಓಣಿಯ ಇಂಗ್ಲಿಷ್ ಚೀಟಿಗಳೆಲ್ಲ ಆ ಮನೆಗೇ ಬರುತ್ತವೆ. ಕಳೆದ ವರ್ಷ ನಮ್ಮ ಓಣಿಯ ಒಬ್ಬ ಚಾಚಿ ಬಂಗಾರ ಅಡ ಇಟ್ಟ ಕಡೆಯಿಂದ ಬಂದ ಪತ್ರ ತಂದರು. ಬಂದ ತಾರೀಕಿನೊಳಗೆ ಲೋನ್ ‘ಪೇ ಆಫ್’ ಮಾಡದಿದ್ದರೆ ಬಂಗಾರ ಹರಾಜಿಗೆ ಹಾಕುತ್ತೇವೆ ಎಂದಿತ್ತು. ಚಾಚಿ ಕೇಳಿದ್ದು ಒಂದೇ, ‘ಥೋಡೇ ಪೈಸೇ ಭರೇ ತೋ ಚಲ್ತಾ ಕ್ಯಾ?’ ಬರೀ ‘ಪೇ’ ಎಂದಿದ್ದರೆ ಎಷ್ಟು ಎಂದು ಕೇಳಬಹುದಿತ್ತು. ‘ಪೇ ಆಫ್’ ಎಂದರೆ ಪೂರ್ತಿ ತೀರಿಸುವುದು, ಅಸಲು ಬಡ್ಡಿ ಎರಡೂ, ಬಾಕಿ ಸೊನ್ನೆ ಆಗುವ ಹಾಗೆ. ಚಾಚಿ ತಮ್ಮನ ಕಡೆಯಿಂದ ರೊಕ್ಕ ಹೊಂದಿಸಿ ತಾರೀಕಿಗೆ ನಾಲ್ಕು ದಿನ ಇರುವಾಗಲೇ ಬಿಡಿಸಿಕೊಂಡು ಬಂದರು. ‘ಪೇ ಬ್ಯಾಕ್’ ಹಿಂತಿರುಗಿಸುವುದು, ‘ಪೇ ಫಾರ್’ ಯಾವುದಕ್ಕಾಗಿ ಕೊಡುತ್ತೇವೋ ಅದಕ್ಕೆ, ‘ಪೇ ಇನ್‌ಟು’ ಬ್ಯಾಂಕಿಗೆ ಕಟ್ಟುವುದು. ಪರೀಕ್ಷೆಯ ಆಚೆಗೂ ಈ ನಾಲ್ಕು ಬೇಕಾಗುತ್ತವೆ.

ಒಂದು ನಿಯಮ ಮಾತ್ರ ಹೇಳುತ್ತೇನೆ. ‘ರೈಟ್ ಆಫ್ ದಿ ಡೆಟ್’ ಎನ್ನಬಹುದು, ‘ರೈಟ್ ದಿ ಡೆಟ್ ಆಫ್’ ಎಂದೂ ಎನ್ನಬಹುದು. ಆದರೆ ಸರ್ವನಾಮ ಬಂದರೆ ಅದು ಮಧ್ಯದಲ್ಲೇ ಕೂಡಬೇಕು: ‘ರೈಟ್ ಇಟ್ ಆಫ್’, ‘ಪೇ ಇಟ್ ಆಫ್’. ‘ಲುಕ್ ಆಫ್ಟರ್’, ‘ಲುಕ್ ಫಾರ್’ ಈ ಗುಂಪಿನವಲ್ಲ, ಅವುಗಳನ್ನು ಒಡೆಯಲು ಬರುವುದಿಲ್ಲ: ‘ಲುಕ್ ಆಫ್ಟರ್ ಹರ್’.

ಕೊನೆಗೆ ಕಂಜಂಕ್ಷನ್. ಇಂಗ್ಲಿಷ್ ಪತ್ರಿಕೆಯಲ್ಲಿ ಲಿಂಕರ್ ತುಂಬುವ ಪ್ರಶ್ನೆಗೆ ಇದು ಬೇಕು. ಉರ್ದು ಪುಸ್ತಕದಲ್ಲಿ ‘ಅಗರ್ಚೆ’ ಬಂದರೆ ಮುಂದೆ ‘ಲೇಕಿನ್’ ಅಥವಾ ‘ಫಿರ್ ಭೀ’ ಬರುತ್ತದೆ, ‘ಚೂಂಕಿ’ ಬಂದರೆ ‘ಇಸ್ ಲಿಯೆ’ ಬರುತ್ತದೆ. ಜೋಡಿ ಇಲ್ಲದೆ ವಾಕ್ಯ ಕುಂಟಿದಂತೆ ಕೇಳಿಸುತ್ತದೆ. ಅದೇ ಅಭ್ಯಾಸದಿಂದ ‘ಆಲ್ದೋ ಇಟ್ ರೇಯ್ನ್ಡ್, ಬಟ್ ವಿ ಕೇಮ್’, ‘ಆಸ್ ಹಿ ವಾಸ್ ಇಲ್, ಸೋ ಹಿ ಡಿಡ್ ನಾಟ್ ಕಮ್’ ಎಂದು ಬರೆಯುತ್ತಾರೆ. ಇಂಗ್ಲಿಷಿಗೆ ಒಂದೇ ಸಾಕು. ಆಲ್ದೋ ಹಾಕಿದರೆ ಬಟ್ ಬಿಡಿ, ಆಸ್ ಹಾಕಿದರೆ ಸೋ ಬಿಡಿ.

ಇನ್ನೆರಡು ಪದ ಬಹಳ ಮಜವಾಗಿವೆ, ಒಂದರಲ್ಲಿ ಉರ್ದುವಿನವರು ಬೀಳುತ್ತಾರೆ, ಇನ್ನೊಂದರಲ್ಲಿ ಕನ್ನಡದವರೂ ಜೊತೆಗೆ ಬೀಳುತ್ತಾರೆ. ನಮ್ಮ ಮನೆಗಳಲ್ಲಿ ‘ಜಬ್ ತಕ್ ಬಸ್ ನೈ ಆತೀ, ಯಹೀಂಚ್ ಬೈಟೋ’ ಎನ್ನುತ್ತಾರೆ. ಅದರಲ್ಲಿ ‘ನೈ’ ಇದೆ. ಆದ್ದರಿಂದ ‘ವೇಟ್ ಹಿಯರ್ ಅಂಟಿಲ್ ದಿ ಬಸ್ ಡಸ್ ನಾಟ್ ಕಮ್’ ಎಂದು ಬಾಯಿಗೆ ಬರುತ್ತದೆ. ಕನ್ನಡದ ಗೆಳೆಯರಿಗೆ ಈ ತೊಂದರೆ ಇಲ್ಲ, ಅವರು ‘ಬಸ್ ಬರುವವರೆಗೆ’ ಎನ್ನುತ್ತಾರೆ, ಇಲ್ಲ ಎಂಬುದೇ ಇಲ್ಲ. ಇಂಗ್ಲಿಷ್ ಇಲ್ಲಿ ಕನ್ನಡದ ಪಕ್ಷ: ‘ಅಂಟಿಲ್ ದಿ ಬಸ್ ಕಮ್ಸ್’. ಆದರೆ ಅನ್‌ಲೆಸ್ ಬಂದಾಗ ಕನ್ನಡವೂ ಕಾಪಾಡುವುದಿಲ್ಲ. ‘ಓದದಿದ್ದರೆ ಪಾಸಾಗಲ್ಲ’ ಎಂಬುದನ್ನು ‘ಅನ್‌ಲೆಸ್ ಯು ಡೋಂಟ್ ಸ್ಟಡಿ’ ಎಂದು ಮಾಡುತ್ತಾರೆ. ಅನ್‌ಲೆಸ್ ಒಳಗೇ ‘ಇಲ್ಲದಿದ್ದರೆ’ ಇದೆ. ‘ಅನ್‌ಲೆಸ್ ಯು ಸ್ಟಡಿ’ ಸಾಕು. ‘ನೋ ಸೂನರ್, ದ್ಯಾನ್’ ಬಗ್ಗೆ ನಾನು ಬರೆಯುವುದಿಲ್ಲ. ಗೈಡಿನಲ್ಲಿ ಅದಕ್ಕೆ ಅರ್ಧ ಪುಟ ಇರುತ್ತದೆ, ಮಾತಿನಲ್ಲಿ ಯಾರೂ ಬಳಸಿದ್ದನ್ನು ನಾನು ಕೇಳಿಲ್ಲ.

ಲೆಕ್ಕ ಶುರು ಮಾಡುವ ಮೊದಲು ಪ್ರಶ್ನೆಯ ಸಣ್ಣ ಪದಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯುವುದು ಒಳ್ಳೆಯದು. ಸಂಖ್ಯೆಗಳ ಕೆಳಗೆ ಎಳೆಯುವ ಅಗತ್ಯವಿಲ್ಲ, ಅವು ತಾವಾಗಿಯೇ ಕಾಣುತ್ತವೆ.

ಅಭ್ಯಾಸಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಎ ಮತ್ತು ಬಿ 3:2ರ ಪಾಲುದಾರರು. ಬ್ಯಾಲೆನ್ಸ್ ಶೀಟಿನಲ್ಲಿ ಸ್ಟಾಕ್ 30,000, ಫರ್ನಿಚರ್ 10,000, ಬಿಲ್ಡಿಂಗ್ 1,00,000, ವಸೂಲಾಗದ ಸಾಲಕ್ಕೆಂದು ಇಟ್ಟ ಪ್ರಾವಿಷನ್ 1,000. ಸಿ ಸೇರುವಾಗ ಹೀಗೆ ಮಾಡಬೇಕು: ಸ್ಟಾಕ್ ಟು ಬಿ ರಿಡ್ಯೂಸ್ಡ್ ಟು 27,000, ಫರ್ನಿಚರ್ ಟು ಬಿ ಡಿಪ್ರಿಸಿಯೇಟೆಡ್ ಬೈ 10 ಪರ್ಸೆಂಟ್, ಪ್ರಾವಿಷನ್ ಟು ಬಿ ಇನ್‌ಕ್ರೀಸ್ಡ್ ಟು 2,500, ಬಿಲ್ಡಿಂಗ್ ಟು ಬಿ ಅಪ್ರಿಸಿಯೇಟೆಡ್ ಬೈ 8,000. ರಿವ್ಯಾಲ್ಯುಯೇಷನ್ ಖಾತೆಯ ಲಾಭ ಎಷ್ಟು, ಯಾರಿಗೆ ಎಷ್ಟು? ಕೆಳಗಿನ ಸಾಲನ್ನು ಕೈಯಿಂದ ಮುಚ್ಚಿಕೊಂಡು ಮಾಡಿ.

ಉತ್ತರ: ಲಾಭ 2,500, ಎ ಪಾಲಿಗೆ 1,500, ಬಿ ಪಾಲಿಗೆ 1,000. ನಿಮಗೆ 1,500 ಲಾಭ ಬಂದು ಎ ಪಾಲು 900, ಬಿ ಪಾಲು 600 ಆಗಿದ್ದರೆ ಪ್ರಾವಿಷನ್ ಸಾಲಿನ ‘ಟು’ ಅನ್ನು ‘ಬೈ’ ಎಂದು ಓದಿದ್ದೀರಿ.